ಅನುಮಾನದ ತಟ್ಟೆ

ಸೋಮವಾರ ಬೆಳಿಗ್ಗೆ ನಾನು ನಾಣ್ಯದಂಗಡಿಯ ಮೇಲಿನ ಕೋಣೆಗೆ ಬಂದಾಗ ಅನುಮಾನದ ತಟ್ಟೆ ಖಾಲಿಯಾಗಿತ್ತು. ಶನಿವಾರ ಸಂಜೆ ನಾನೇ ಕೈಯಾರೆ ತುಂಬಿಟ್ಟು ಹೋಗಿದ್ದೆ. ಹಸಿರು ಬಟ್ಟೆ ಹಾಸಿದ ಆ ಮರದ ತಟ್ಟೆಯಲ್ಲಿ ಇನ್ನೊಂದು ಪೆನ್ನಿ ಇಡಲೂ ಜಾಗವಿರಲಿಲ್ಲ. ಈಗ ನೋಡಿದರೆ ಒಂದೂ ಇಲ್ಲ.

ಕಿಟಕಿಯ ಹತ್ತಿರ ನನ್ನ ಜೊತೆ ಕೆಲಸದವರು, ನಾನೇ ಅಡ್ಡಹೆಸರಿಟ್ಟ ಲೈಟ್‌ಹೌಸ್ ನಿಂತಿದ್ದರು. ಕಣ್ಣು ಕೆಂಪಗಾಗಿದ್ದವು, ಗಡ್ಡ ಹೆರೆದಿರಲಿಲ್ಲ. ಮುಖದ ತುಂಬ ಮಾತ್ರ ಬಹುಮಾನ ಗೆದ್ದ ಹುಡುಗನ ನಗು.

"ಏನಿದು? ನಾಣ್ಯಗಳೆಲ್ಲ ಎಲ್ಲಿ?" ಎಂದೆ.

"ಮುಗಿಸಿಬಿಟ್ಟೆ! ನಿನ್ನೆ ಇಡೀ ಭಾನುವಾರ ಕೂತು ಒಂದೊಂದನ್ನೂ ನೋಡಿ ಡಬ್ಬಿಗೆ ಹಾಕಿದೆ. ಇನ್ನು ನಿಮಗೆ ಈ ಪೀಡೆ ಇಲ್ಲ ರಾಣಿಯವರೇ."

ಅಯ್ಯೋ ದೇವರೇ! ಯಾರು ಕೇಳಿದ್ದರು ಈ ಮಹಾಶಯರನ್ನು?

ನಮ್ಮಿಬ್ಬರ ಕೆಲಸವೇನೆಂದು ಹೇಳದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ಯಾರೋ ಹಿರಿಯರು ಜೀವಮಾನವಿಡೀ ಹಳೆಯ ಬ್ರಿಟಿಷ್ ಪೆನ್ನಿಗಳನ್ನು ಕೂಡಿಟ್ಟು ತೀರಿಕೊಂಡಿದ್ದರು. ಆ ಪೆಟ್ಟಿಗೆಗಳೆಲ್ಲ ನಾವು ಕೆಲಸಕ್ಕಿದ್ದ ಅಂಗಡಿಯ ಯಜಮಾನರ ಕೈಗೆ ಬಂದವು. ನೋಡುವವರಿಗೆ ಎಲ್ಲ ಪೆನ್ನಿಯೂ ಒಂದೇ. ಒಂದು ಕಡೆ ರಾಣಿಯ ಮುಖ, ಇನ್ನೊಂದು ಕಡೆ ತ್ರಿಶೂಲ ಹಿಡಿದು ಸಮುದ್ರದ ದಂಡೆಯಲ್ಲಿ ಕೂತ ಬ್ರಿಟಾನಿಯಾ ದೇವಿ. ಆದರೆ ಅಚ್ಚು ಬದಲಾದಾಗಲೆಲ್ಲ ಏನಾದರೊಂದು ಸಣ್ಣ ವ್ಯತ್ಯಾಸ ಉಳಿದಿರುತ್ತದೆ. ರಾಣಿಯ ತಲೆಗೆ ಸುತ್ತಿದ ಎಲೆಗಳು ಹದಿನೈದೋ, ಹದಿನಾರೋ, ಹದಿನೇಳೋ? ಅಂಚಿನಲ್ಲಿ ಇರುವುದು ದುಂಡು ಮಣಿಗಳ ಸಾಲೋ, ಹಲ್ಲಿನಂಥ ಗೀರುಗಳೋ? ಅದನ್ನು ಹುಡುಕಿ ಬೇರೆ ಬೇರೆ ಮಾಡುವುದೇ ನಮ್ಮ ಕೆಲಸ.

ಮುಖದ ಕಡೆ ನನ್ನದು. ಹಿಂಬದಿ ನೋಡಲು ಯಜಮಾನರು ಬೇರೆ ಊರಿನಿಂದ ಇವರನ್ನು ಕರೆಸಿದ್ದರು. ಸಮುದ್ರದ ಗೆರೆ ಎಷ್ಟು ಮೇಲಿದೆ, ಇಸವಿಯ ಅಂಕಿಗಳ ನಡುವೆ ಅಂತರ ಎಷ್ಟು, ಬ್ರಿಟಾನಿಯಾಳ ಪಕ್ಕ ದೀಪದ ಗೋಪುರ, ಅಂದರೆ ಲೈಟ್‌ಹೌಸ್ ಇದೆಯೋ ಇಲ್ಲವೋ, ಇವೆಲ್ಲ ಅವರ ಪಾಲು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಆಳು, ಬಾಯಿ ತೆರೆದರೆ ಲೈಟ್‌ಹೌಸ್ ಮಾತು. ಮೊದಲ ದಿನವೇ ಯಜಮಾನರ ಕಿವಿಯಲ್ಲಿ, "ಲೈಟ್‌ಹೌಸ್ ಬಂದ್ರು ನೋಡಿ" ಎಂದಿದ್ದೆ. ಅದು ಅವರಿಗೆ ಕೇಳಿಸಿಬಿಟ್ಟಿತು.

"ಹಾಗಾದ್ರೆ ನೀವು ರಾಣಿ. ಇಡೀ ದಿನ ರಾಣಿ ಮುಖಾನೇ ನೋಡ್ತೀರಲ್ಲ" ಎಂದು ನಕ್ಕರು. ನಾನು ನಗಲಿಲ್ಲ. ಮನೆಗೆ ಹೋಗಿ ಬಟ್ಟೆ ಮಡಿಸುವಾಗ ನಕ್ಕೆ.

ನಾಣ್ಯದ ಮೈಗೆ ಬೆರಳು ತಾಗಬಾರದು, ಅಂಚನ್ನಷ್ಟೇ ಹಿಡಿಯಬೇಕು. ನಾನು ನನ್ನ ಕಡೆ ನೋಡಿ ಅವರ ಕೈಗೆ ಕೊಡಬೇಕು. ಒಂದು ಪೆನ್ನಿಯ ಅಂಚಿನಲ್ಲಿ ಎಷ್ಟು ಜಾಗವಿದ್ದೀತು ಹೇಳಿ? ಬೆರಳಿಗೆ ಬೆರಳು ತಾಗಲೇಬೇಕು. ಮೊದಮೊದಲು "ಸಾರಿ, ಸಾರಿ" ಎನ್ನುತ್ತಿದ್ದರು. ಬರಬರುತ್ತ ಸಾರಿ ನಿಂತಿತು, ತಾಗುವುದು ನಿಲ್ಲಲಿಲ್ಲ.

ಯಾರಿಗಾದರೂ ಸಂಶಯ ಬಂದರೆ ಆ ನಾಣ್ಯ ಅನುಮಾನದ ತಟ್ಟೆಗೆ. ಸಂಜೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಮಾನಿಸಬೇಕು. ಯಜಮಾನರ ಕಟ್ಟಪ್ಪಣೆ ಅದು. ಆ ಬೆಂಚೋ, ಗಿಡ್ಡ ಬೆಂಚು. ಅವರು ಬಗ್ಗಿ ನೋಡುವಾಗ ಅವರ ಅಂಗಿಯ ತೋಳು ನನ್ನ ತೋಳಿಗೆ ತಾಗುತ್ತಿತ್ತು. "ನೀವು ನೋಡಿ" ಎಂದು ಅವರು ಸರಿದರೆ ಸೂಕ್ಷ್ಮದರ್ಶಕದ ಗಾಜಿಗೆ ಅವರ ಉಸಿರಿನ ಹಬೆ ಇನ್ನೂ ಇರುತ್ತಿತ್ತು.

ಅಂದಿನಿಂದ ನನಗೆ ಅನುಮಾನ ಬರತೊಡಗಿತು. ಹದಿನೈದು ಎಲೆ ಢಾಳಾಗಿ ಕಾಣುತ್ತಿದ್ದರೂ, "ಹದಿನಾರೇನೋ ಅನ್ನಿಸ್ತಿದೆ" ಎನ್ನುತ್ತಿದ್ದೆ. ಮಣಿ ಅಂಚನ್ನು ಹಲ್ಲಂಚು ಎನ್ನುತ್ತಿದ್ದೆ. ಪೆಟ್ಟಿಗೆಗಳು ಖಾಲಿಯಾಗುತ್ತ ಬಂದವು, ತಟ್ಟೆ ತುಂಬುತ್ತ ಬಂತು. ಕೆಲಸ ಮುಗಿದರೆ ಅವರು ಊರಿಗೆ ಹೋಗಿಬಿಡುತ್ತಾರಲ್ಲ!

ಇಷ್ಟವೆಂದು ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮದುವೆಯ ಮಾತು ನನ್ನನ್ನು ಬಿಟ್ಟು ಮುಂದೆ ಹೋಗಿ ಎಷ್ಟೋ ವರ್ಷವಾಗಿತ್ತು. ನನ್ನ ಬಾಯಿ ಬೈಯಲು ಮಾತ್ರ ಪಳಗಿತ್ತು. "ಯಾವಾಗ ಮುಗಿಯುತ್ತೋ ಈ ಪೀಡೆ, ಸಾಕಾಗಿ ಹೋಗಿದೆ ನಂಗೆ" ಎಂದು ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದೆ. ಯಾರಿಗೂ ಏನೂ ಗೊತ್ತಾಗದಿರಲಿ ಎಂದು.

ಗೊತ್ತಾಗಿದ್ದು ನನ್ನ ಅತ್ತಿಗೆಗೆ ಮಾತ್ರ. "ಕೆಲಸಕ್ಕೆ ಬೈಕೊಂಡು ಹೋಗ್ತೀಯ, ಹಾಡ್ಕೊಂಡು ಬರ್ತೀಯ. ಏನಮ್ಮಾ ವಿಷಯ?" ಎಂದು ಒಂದು ದಿನ ಹಿಡಿದು ನಿಲ್ಲಿಸಿದರು.

"ನಿಮ್ಮ ತಲೆ, ಅತ್ತಿಗೆ" ಎಂದೆ.

"ನನ್ನ ತಲೆ ಇರ್ಲಿ. ಅವನಿಗೆ ಬಾಯಿ ಬಿಟ್ಟು ಹೇಳು. ನಿನ್ನ ಮುಖ ನೋಡಿ ಯಾರೂ ತಿಳ್ಕೊಳ್ಳಲ್ಲ, ಸದಾ ಗಂಟು ಹಾಕ್ಕೊಂಡೇ ಇರ್ತೀಯ."

ಅವರ ಮಾತು ಮನಸ್ಸಿಗೆ ನಾಟಿತ್ತು. ಸೋಮವಾರ ಹೇಳಿಯೇ ಬಿಡುವುದೆಂದು ಭಾನುವಾರವಿಡೀ ನನ್ನೊಳಗೇ ಮಾತು ಜೋಡಿಸುತ್ತ, ನೀಲಿ ಬಟ್ಟೆಗೆ ಇಸ್ತ್ರಿ ಹಾಕುತ್ತ ಕೂತಿದ್ದೆ. ಅದೇ ಹೊತ್ತಿನಲ್ಲಿ ಈ ಪುಣ್ಯಾತ್ಮ ಇಲ್ಲಿ ತಟ್ಟೆ ಖಾಲಿ ಮಾಡುತ್ತಿದ್ದರು.

"ಯಾಕೆ ಸಿಟ್ಟು?" ಲೈಟ್‌ಹೌಸ್ ಮುಖದ ನಗು ಆರಿತ್ತು. "ಒಬ್ಬನೇ ನೋಡಬಾರದು ಅನ್ನೋ ನಿಯಮ ಮುರಿದೆ, ತಪ್ಪೇ. ಆದರೆ ನಿಮಗೋಸ್ಕರ..."

"ನಾನು ಕೇಳಿದ್ನಾ?"

ಅವರು ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ನಿಮ್ಮ ಕಣ್ಣಿನ ವಿಷಯ ನಂಗೆ ಗೊತ್ತು. ಯಾರಿಗೂ ಹೇಳಿಲ್ಲ."

"ನನ್ನ ಕಣ್ಣಿಗೇನು ಬಂತು?"

"ದೃಷ್ಟಿ ಕಮ್ಮಿ ಆಗ್ತಿದೆ ಅಲ್ವಾ? ಹದಿನೈದನ್ನ ಹದಿನಾರು ಅಂತೀರಿ. ಮಣಿಗೂ ಹಲ್ಲಿಗೂ ವ್ಯತ್ಯಾಸ ಕಾಣಲ್ಲ ಅಂತೀರಿ. ಯಜಮಾನರು ಆ ತಟ್ಟೆ ನೋಡಿದ್ರೆ ಕಂಡುಹಿಡಿತಾರೆ, ಕೆಲಸದಿಂದ ತೆಗೀತಾರೆ ಅಂತ ಹೆದರಿಕೆ ಆಯ್ತು. ಅವರಿಗೆ ಗೊತ್ತಾಗೋ ಮೊದಲೇ ಎಲ್ಲ ಸರಿಮಾಡಿಬಿಡೋಣ ಅಂತ..."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಬೇರೆ ಬೇರೆ ಡಬ್ಬಿಗಳಿಂದ ಮೂರು ಪೆನ್ನಿ ತೆಗೆದು ಮೇಜಿನ ಮೇಲೆ ಬೆರೆಸಿಟ್ಟೆ. ಮಸೂರ ಮುಟ್ಟಲಿಲ್ಲ. ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ.

"ಹದಿನೇಳು ಎಲೆ. ಹಲ್ಲಂಚು." ಅವರ ಮುಂದಿಟ್ಟೆ. ಇನ್ನೊಂದು ಎತ್ತಿದೆ. "ಹದಿನೈದು. ಹಲ್ಲಂಚು." ಮತ್ತೊಂದು. "ಇದು ಮಣಿ ಅಂಚು. ಹದಿನೈದು ಎಲೆ. ನೋಡ್ಕೊಳ್ಳಿ ಬೇಕಾದ್ರೆ."

ಅವರು ಮಸೂರ ತೆಗೆದುಕೊಂಡು ಒಂದೊಂದನ್ನೇ ನೋಡಿದರು. ಮೂರನೆಯದನ್ನು ನೋಡಿ ಮುಗಿಸಿದ ಮೇಲೂ ತಲೆ ಎತ್ತಲಿಲ್ಲ.

"ಹಾಗಾದ್ರೆ ಯಾಕೆ ಅಷ್ಟೊಂದು ನಾಣ್ಯ ತಟ್ಟೆಗೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಅವರ ಕಿವಿ ಕೆಂಪಾಗುವುದು ಕಂಡಿತು. ನಿಧಾನವಾಗಿ ಕತ್ತೆತ್ತಿ ನನ್ನನ್ನು ನೋಡಿದರು. ನೋಡಿದರು ಎಂದರೆ, ಇಷ್ಟು ದಿನ ಕದ್ದು ನೋಡುತ್ತಿದ್ದವರು ಈಗ ನೇರವಾಗಿ, ಕಣ್ಣು ಮಿಟುಕಿಸದೆ. ಇಸ್ತ್ರಿ ಹಾಕಿದ ನನ್ನ ನೀಲಿ ಬಟ್ಟೆಯನ್ನೂ ನೋಡಿದರು.

"ಯಾಕೆ ಅಂತ ಗೊತ್ತಾಯ್ತಾ?" ಎಂದೆ. "ಇಷ್ಟು ಸಣ್ಣ ಗೆರೆಯೆಲ್ಲ ಕಾಣುತ್ತೆ ನಿಮಗೆ. ಎದುರಿಗೆ ಕೂತವಳು ಕಾಣಲಿಲ್ವಾ?"

ಅವರು ಬೆಂಚಿನ ಮೇಲೆ ಕುಸಿದು ಕೂತರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ನಾನು ಅಕ್ಕನಿಗೆ ಹೂಂ ಅಂದುಬಿಟ್ಟೆ."

"ಏನಕ್ಕೆ?"

"ಅಕ್ಕನ ಪಕ್ಕದ ಮನೇಲಿ ಒಬ್ರಿದಾರೆ. ಗಂಡ ತೀರಿಹೋಗಿದಾರೆ. ನಾಲ್ಕು ವರ್ಷದ ಮಗಳು. ಅವರನ್ನ ಮದುವೆ ಮಾಡ್ಕೋ ಅಂತ ಅಕ್ಕ ಹೇಳ್ತಾನೇ ಇದ್ಲು. ಈ ಕೆಲಸ ಮುಗೀಲಿ ಅಂತ ನಾನು ತಳ್ಳುತ್ತಾ ಬಂದೆ. ನಿಜ ಹೇಳ್ಬೇಕಂದ್ರೆ ನಿಮ್ಮ ಬಾಯಿಂದ ಏನಾದ್ರೂ ಬರುತ್ತಾ ಅಂತ ಕಾಯ್ತಿದ್ದೆ. ಬಂದಿದ್ದು ಒಂದೇ ಮಾತು. ಯಾವಾಗ ಮುಗಿಯುತ್ತೋ ಈ ಪೀಡೆ. ಆ ಪೀಡೆ ನಾನೇ ಅಂದುಕೊಂಡೆ."

ನನ್ನ ನಾಲಿಗೆ ಕಿತ್ತು ಬಿಸಾಡಬೇಕು ಎನ್ನಿಸಿತು.

"ನಿನ್ನೆ ಸಂಜೆ ಕೊನೇ ನಾಣ್ಯ ಮುಗಿಸಿದ ಮೇಲೆ ಫೋನ್ ಮಾಡಿ ಒಪ್ಪಿದೆ" ಎಂದರು. ಆಮೇಲೆ ತಡೆಯಲಾಗದೆ ಎದ್ದು ನಿಂತರು. "ನೀವು ಒಂದು ಮಾತು ಹೇಳಿ. ಒಂದೇ ಮಾತು. ಈಗಲೇ ಫೋನ್ ಮಾಡಿ ಬೇಡ ಅಂತೀನಿ. ಅಕ್ಕ ಬೈತಾಳೆ, ಬೈಸ್ಕೊತೀನಿ. ಅವರಿಗೂ ಕ್ಷಮೆ ಕೇಳ್ತೀನಿ, ದೊಡ್ಡವರು, ಅರ್ಥ ಮಾಡ್ಕೊತಾರೆ."

ಆ ಒಂದು ಗಳಿಗೆ ನನಗೆ ಇಡೀ ಬದುಕು ಕೈಗೆ ಸಿಕ್ಕಂತಿತ್ತು. ಹೇಳಲು ಬಾಯಿ ತೆರೆದೇಬಿಟ್ಟೆ. ಆದರೆ ಅವರ ಮಾತಿನಲ್ಲಿ ಒಬ್ಬರು ಬಿಟ್ಟುಹೋಗಿದ್ದರು.

"ಆ ಮಗುಗೆ ಗೊತ್ತಾ?" ಎಂದು ಕೇಳಿದೆ.

ಅವರು ಮೇಜಿನ ಮೇಲಿದ್ದ ಪೆನ್ನಿಯೊಂದನ್ನು ಅಂಚಿನಲ್ಲಿ ಹಿಡಿದು ಡಬ್ಬಿಗೆ ಹಾಕಿದರು.

"ಫೋನ್ ಅವಳ ಕೈಗೆ ಕೊಟ್ರು. ನೀನು ಬಂದಮೇಲೆ ನಮ್ಮಪ್ಪನ ಥರ ಹೋಗಲ್ಲ ತಾನೇ ಅಂತ ಕೇಳಿದ್ಲು."

"ನೀವೇನಂದ್ರಿ?"

"ಹೋಗಲ್ಲ ಪುಟ್ಟಿ ಅಂದೆ."

ನಾನು ಕಂಡೇ ಇರದ ಆ ಪುಟ್ಟ ಹುಡುಗಿಯ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಎಲ್ಲರ ಮೇಲೂ ಬರುವ ಹಾಳು ಸಿಟ್ಟು ಅವಳ ಮೇಲೆ ಮಾತ್ರ ಬರಲಿಲ್ಲ. ಅವರು ಸುಳ್ಳನ್ನಾದರೂ ಹೇಳಬಾರದಿತ್ತೇ, ಮಗುವಿಗೆ ಏನೂ ಗೊತ್ತಿಲ್ಲವೆಂದು? ಹೇಳಿದ್ದರೆ ನಂಬಿಬಿಡುತ್ತಿದ್ದೆ. ಸುಳ್ಳು ಬಾರದವರೆಂದೇ ಅಲ್ಲವೇ ನಾನು ಇವರನ್ನು ಮೆಚ್ಚಿದ್ದು.

ಅಷ್ಟರಲ್ಲಿ ಯಜಮಾನರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಲೈಟ್‌ಹೌಸ್ ಬೆನ್ನು ತಟ್ಟಿ, "ಭಲೇ! ಕೆಲಸಾನೂ ಮುಗಿಸಿದೆ, ಮದುವೇನೂ ಗೊತ್ತುಮಾಡ್ಕೊಂಡೆ. ನಿಮ್ಮಕ್ಕ ನಂಗೂ ಫೋನ್ ಮಾಡಿದ್ರಪ್ಪ" ಎಂದರು. ನನ್ನ ಕಡೆ ತಿರುಗಿ, "ನೀನ್ಯಾಕಮ್ಮಾ ಹೀಗೆ ನಿಂತಿದೀಯ? ಪೀಡೆ ತೊಲಗಿತಲ್ಲ, ನಗು" ಎಂದು ತಾವೇ ನಕ್ಕು ಕೆಳಗಿಳಿದರು. ನಾವಿಬ್ಬರೂ ಅವರ ನಗು ಅಂಗಡಿಯ ಬಾಗಿಲವರೆಗೆ ಹೋಗುವುದನ್ನು ಕೇಳುತ್ತ ನಿಂತೆವು.

"ಹೇಳಿ" ಎಂದರು ಅವರು.

"ನೀವಂದ್ರೆ ನಂಗೆ ಪ್ರಾಣ" ಎಂದೆ. "ಬೆಳಿಗ್ಗೆ ಏಳೋದೇ ನಿಮ್ಮನ್ನ ನೋಡಬಹುದು ಅಂತ. ಭಾನುವಾರ ಬಂದ್ರೆ ಸಾಯೋ ಹಾಗಾಗ್ತಿತ್ತು. ಇನ್ಮೇಲೆ ವಾರದ ಎಲ್ಲಾ ದಿನಾನೂ ಹಾಗೇ ಇರುತ್ತೆ, ಅದೂ ಗೊತ್ತು. ಇಷ್ಟು ಹೇಳೋಕೆ ನಂಗೆ ಇಷ್ಟು ಕಾಲ ಬೇಕಾಯ್ತು ನೋಡಿ. ಆಯ್ತಲ್ಲ, ಹೇಳಿದೆ. ಈಗ ಹೊರಡಿ."

"ಹೊರಡು ಅಂತೀರಾ?"

"ಹೋಗಲ್ಲ ಅಂತ ಮಗುಗೆ ಮಾತು ಕೊಟ್ಟವರು ಅವಳನ್ನ ಬಿಟ್ಟು ಹೋಗಬಾರದು. ಹೊರಡ್ರೀ, ನಂಗೆ ಅಳು ಬರ್ತಿದೆ. ನಿಮ್ಮೆದುರಿಗೆ ಅಳಲ್ಲ ನಾನು."

ಅವರು ನನ್ನ ಕಡೆ ಒಂದು ಹೆಜ್ಜೆ ಇಟ್ಟರು. ನಾನು ಮೇಜಿನ ಆಚೆ ಬದಿಗೆ ಹೋದೆ. ಅವರನ್ನು ಇನ್ನೊಂದು ಹೆಜ್ಜೆ ಹತ್ತಿರ ಬರಲು ಬಿಟ್ಟಿದ್ದರೆ ನನ್ನ ಧೈರ್ಯವೆಲ್ಲ ನೀರಾಗಿ ಹೋಗುತ್ತಿತ್ತು. ಅವರು ಸುಮ್ಮನೆ ಚೀಲ ಹೆಗಲಿಗೇರಿಸಿದರು, ಅದರ ಪಟ್ಟಿಯನ್ನು ಎರಡು ಸಲ ಸರಿಮಾಡಿಕೊಂಡರು, ಬಾಗಿಲು ದಾಟಿದರು.

ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿಸಿತು. ಅರ್ಧ ಇಳಿದ ಮೇಲೆ ನಿಂತುಹೋಯಿತು.

ನಾನು ಬಾಗಿಲಿಗೆ ಓಡಿದೆ. ಮೆಟ್ಟಿಲು ತಿರುಗುವಲ್ಲಿ ಅವರು ಪಕ್ಕದ ಕಂಬಿ ಹಿಡಿದು ನಿಂತಿದ್ದರು, ಬೆನ್ನು ನನ್ನ ಕಡೆ. ಮೇಲೆ ನೋಡಲಿಲ್ಲ. ನಾನು ಬಂದಿದ್ದು ಅವರಿಗೆ ಗೊತ್ತಿತ್ತು, ಹೆಗಲು ಅಲುಗಿತು. ಒಂದು ಸಲ ಕರೆದರೆ ಸಾಕಿತ್ತು. ಹೆಸರೂ ಬೇಡ, ರೀ ಎಂದಿದ್ದರೆ ಸಾಕಿತ್ತು, ಓಡಿ ಬಂದುಬಿಡುತ್ತಿದ್ದರು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದಕ್ಕೇ ನಿಂತಿದ್ದರು.

ನಾನು ಎರಡೂ ಕೈಯಿಂದ ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ. ಕೆಳಗಿನ ಬಾಗಿಲು ತೆರೆದು ಮತ್ತೆ ಮುಚ್ಚಿದ ಸದ್ದಾಗುವವರೆಗೂ ಕೈ ತೆಗೆಯಲಿಲ್ಲ.