ಬಲಕ್ಕೆ ಎಳೆಯುವ ಬೋಟು

"ಮತ್ತೆ ಬಲಕ್ಕೆ ಎಳೀತಿದೆ ಮೇಡಂ," ಎಂದ ಬೋಟಿನವನು.

ಅವಳ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಎರಡು ತಿಂಗಳಲ್ಲಿ ಇದು ಆರನೇ ಸಲ. ಪ್ರತಿ ಸಲವೂ ಅವಳೇ ಸರಿಮಾಡಿ ಕಳಿಸಿದ್ದಳು. 'ಹುಡುಗಿ ಕೈಗೆ ಎಂಜಿನ್ ಕೊಟ್ರೆ ಇಷ್ಟೇ' ಎಂದು ದಡದಲ್ಲಿ ಆಗಲೇ ಗುಸುಗುಸು. ಕಣ್ಣು ಮಂಜಾದ ಮೇಲೆ ವರ್ಕ್‌ಶಾಪನ್ನು ಅವಳಿಗೆ ಒಪ್ಪಿಸಿದ್ದ ದೊಡ್ಡಪ್ಪ ಕೂಡ ನಿನ್ನೆ, "ಬೇರೆ ಮೆಕ್ಯಾನಿಕ್ ನೋಡೋಣ್ವಾ ಮಗಳೇ?" ಎಂದು ತಡೆದು ತಡೆದು ಕೇಳಿದ್ದರು. ರಾತ್ರಿಯಿಡೀ ಅವಳಿಗೆ ನಿದ್ದೆ ಹತ್ತಿರ ಸುಳಿದಿರಲಿಲ್ಲ.

ಇಷ್ಟಾದರೂ ಇವನ ಬೋಟು ದೂರದಲ್ಲಿ ಕಂಡರೆ ಸಾಕು, ಅವಳ ಕೈ ತಾನಾಗಿ ಕೆನ್ನೆಯ ಗ್ರೀಸ್ ಒರೆಸಿಕೊಳ್ಳುತ್ತಿತ್ತು. ದೂರು ಹೊತ್ತು ತರುವವನ ದಾರಿ ಕಾಯುವ ಮೆಕ್ಯಾನಿಕ್ಕು ಲೋಕದಲ್ಲಿ ಇನ್ನೊಬ್ಬಳಿದ್ದಾಳೆಯೇ?

"ಡಬಲ್ ಪ್ರೊಪೆಲ್ಲರ್ ಹಾಕಿಸ್ಕೊಳ್ಳಿ ಕ್ಯಾಪ್ಟನ್ನೇ. ಒಂದರ ಹಿಂದೆ ಒಂದು. ಒಂದು ಹಿಂಗೆ ತಿರುಗಿದ್ರೆ ಇನ್ನೊಂದು ಹಂಗೆ. ಎಳೆತಕ್ಕೆ ಎಳೆತ ವಜಾ."

"ಅಯ್ಯೋ ಬೇಡ ರೀ! ಕಲ್ಲಿಗೆ ಬಡಿದ್ರೆ ಎರಡೂ ಹೋಗುತ್ತೆ. ಸಿಂಗಲ್ಲೇ ಸಿಂಪಲ್ಲು."

"ಸಿಂಪಲ್ಲಾಗಿದ್ರೆ ಆರು ಸಲ ಯಾಕೆ ಬಂದ್ರಿ?"

ಅವನು ಬಗ್ಗಿ ಬೋಟಿನ ಹಗ್ಗ ಬಿಗಿಯತೊಡಗಿದ. ಕಿವಿ ಮಾತ್ರ ಕೆಂಪಾಯಿತು.

ಮೂಲೆಯ ಬೆಂಚಿನಿಂದ ದೊಡ್ಡಪ್ಪ ಕೂಗಿದರು. "ಬಾಯಲ್ಲೇನು ಜಗಳ? ಎರಡನ್ನೂ ಓಡಿಸಿ ನೋಡಿ. ಡಬಲ್ ಹಾಕಿದ್ಮೇಲೂ ಎಳೆದ್ರೆ ಬೇರೆಯವರನ್ನ ಕರೆಸ್ತೀನಿ ಮಗಳೇ, ಬೇಜಾರು ಮಾಡ್ಕೋಬೇಡ."

ಆ ಬೆಳಿಗ್ಗೆಯೇ ಸಿಂಗಲ್ ಪರೀಕ್ಷೆ. ಅವಳು ನೋಟ್‌ಬುಕ್ ಹಿಡಿದು ಅವನ ಪಕ್ಕದಲ್ಲೇ ಕೂತಳು. ವೇಗ ಏರಿದಂತೆ ಸ್ಟೀರಿಂಗ್ ಬಲಕ್ಕೆ ಜಗ್ಗತೊಡಗಿತು. ಅವನು ಭುಜಕೊಟ್ಟು ತಡೆಯುತ್ತಿದ್ದ. ಆ ಭುಜ ಆಗಾಗ ಅವಳ ಭುಜಕ್ಕೆ ತಾಗುತ್ತಿತ್ತು. ಒಂದು ಅಂಕಿಯನ್ನು ಅವಳು ಎರಡು ಸಲ ಬರೆದಳು.

ಮಧ್ಯಾಹ್ನ, ಪ್ರೊಪೆಲ್ಲರ್ ತಿರುಗಿಸುವ ಹಳೆಯ ಡ್ರೈವ್ ಬಿಚ್ಚಿ ಡಬಲ್ ಕೂರಿಸಿ ಹೊರಟರು. ಬರೀ ವೇಗದ ಓಟದಲ್ಲಿ ಸಿಂಗಲ್ಲೇ ಒಂದು ಕೈ ಮೇಲಿತ್ತು, ಅದನ್ನು ಅವಳು ಪ್ರಾಮಾಣಿಕವಾಗಿ ಬರೆದುಕೊಂಡಳು. ಆದರೆ "ಈಗ ಕೈ ಬಿಡಿ" ಎಂದಾಗ ಅವನು ಸ್ಟೀರಿಂಗ್ ಬಿಟ್ಟರೆ, ಬೋಟು ಗೆರೆ ಎಳೆದ ಹಾಗೆ ನೆಟ್ಟಗೆ ಓಡಿತು. ದಡಕ್ಕೆ ಬರುವಾಗಲೂ ಸಂಜೆ ಕೊಟ್ಟಿಗೆಗೆ ಬರುವ ಹಸುವಿನಂತೆ ಸದ್ದಿಲ್ಲದೆ ಬಂದು ನಿಂತಿತು.

ಅವಳಿಗೆ ಕುಣಿಯುವಷ್ಟು ಖುಷಿ. ಅವನನ್ನು ನೋಡಿದರೆ ಹರಳೆಣ್ಣೆ ಕುಡಿದ ಮುಖ.

"ಇನ್ನು ಎಳೆಯೋದೇ ಇಲ್ವಾ?"

"ಇಲ್ಲ."

"ಸ್ವಲ್ಪಾನೂ?"

"ವರ್ಷಕ್ಕೊಂದು ಸರ್ವಿಸ್‌ಗೆ ಬಂದ್ರೆ ಸಾಕು."

"ವರ್ಷಕ್ಕೊಂದಾ!" ಎಂದ ಅವನು, ಶಿಕ್ಷೆ ಕೇಳಿದವನ ದನಿಯಲ್ಲಿ.

ಅವಳಿಗೆ ಏನೋ ಹೊಳೆದಂತಾಯಿತು. ನೇರ ಒಳಗೆ ಹೋಗಿ, ಬಿಚ್ಚಿಟ್ಟಿದ್ದ ಹಳೆಯ ಡ್ರೈವನ್ನು ಬೆಳಕಿಗೆ ತಿರುಗಿಸಿದಳು. ಪ್ರೊಪೆಲ್ಲರ್ ಮೇಲೊಂದು ಪುಟ್ಟ ಲೋಹದ ರೆಕ್ಕೆ ಇರುತ್ತದೆ. ಬೋಟು ಒಂದು ಕಡೆಗೆ ಎಳೆದರೆ ಅದನ್ನು ತುಸು ಓರೆಮಾಡಿ ಬಿಗಿದರಾಯಿತು. ಬಿಗಿದಾಗಲೆಲ್ಲ ಅವಳು ಪಕ್ಕದಲ್ಲಿ ಒಂದು ಗೀರು ಹಾಕುತ್ತಿದ್ದಳು. ಪ್ರತಿ ಸಲವೂ ರೆಕ್ಕೆ ಗೀರು ಬಿಟ್ಟು ಜರುಗಿರುತ್ತಿತ್ತು. ನೀರಿನ ಮೇಲೆ ಬಗ್ಗಿ ತಡಕಾಡಿ ಕೆಲಸ ಮಾಡುತ್ತಿದ್ದವಳು, ಅದುರಿ ಸಡಿಲಾಗಿರಬೇಕು ಎಂದುಕೊಂಡಿದ್ದಳು. ಇವತ್ತು ಮೇಜಿನ ಮೇಲೆ ನೋಡಿದರೆ, ಬೋಲ್ಟು ಸಡಿಲವಾಗಿರಲೇ ಇಲ್ಲ. ಯಾರೋ ರೆಕ್ಕೆ ತಿರುಗಿಸಿ ಮತ್ತೆ ಗಟ್ಟಿಯಾಗಿ ಬಿಗಿದಿದ್ದರು.

ಬಾಗಿಲಲ್ಲಿ ಅವನು ತಲೆತಗ್ಗಿಸಿ ನಿಂತಿದ್ದ.

"ಇಲ್ಲಿಗೆ ಬರೋಕೆ ನಂಗೆ ಬೇರೆ ನೆಪ ಸಿಗಲಿಲ್ಲ," ಎಂದ.

ಅವಳ ಎದೆ ಹೂವಾಯಿತು. ಮರುಕ್ಷಣವೇ ಉರಿದುಹೋಯಿತು.

"ನಿಮ್ಮ ನೆಪಕ್ಕೆ ನನ್ನ ಹೆಸರು ಮಣ್ಣುಪಾಲಾಯ್ತಲ್ರೀ! ದಡದವರೆಲ್ಲ ಆಡ್ಕೊಂಡು ನಗ್ತಿದಾರೆ. ದೊಡ್ಡಪ್ಪ ಬೇರೆಯವರನ್ನ ಕರೆಸೋಕೆ ಹೊರಟಿದ್ರು. ನಿಮಗೆ ಬಾಯಿ ಇರಲಿಲ್ವಾ? ಬೋಲ್ಟ್ ಯಾಕೆ ಮುಟ್ಟಿದ್ರಿ?"

"ಬೆಳಿಗ್ಗೆ ದೊಡ್ಡಪ್ಪ ಹೇಳೋವರೆಗೂ ನಂಗೆ ಗೊತ್ತಿರಲಿಲ್ಲ, ದೇವರಾಣೆ. ಆಮೇಲೆ ಹೇಳೋಕೆ ಹೆದರಿದೆ." ಅವನ ಮುಖ ಬಿಳಿಚಿಕೊಂಡಿತ್ತು. ಸರ್ರನೆ ತಿರುಗಿ ಹೊರಟೇ ಹೋದ.

ಹೋದನಲ್ಲ ಎಂದು ಅವಳ ಕಣ್ಣು ತುಂಬುವಷ್ಟರಲ್ಲಿ, ಬೋಟಿನವರೆಲ್ಲ ಟೀ ಕುಡಿಯುವ ಕಟ್ಟೆಯ ಕಡೆಯಿಂದ ಅವನ ದನಿ ಕೇಳಿಸಿತು.

"ಕೇಳ್ರಪ್ಪಾ ಎಲ್ಲಾ! ಆರು ಸಲ ಬೋಟ್ ಕೆಡಿಸಿದ್ದು ನಾನು, ಸರಿಮಾಡಿದ್ದು ಆಕೆ. ಆಕೇನ ನೋಡ್ಬೇಕು ಅಂತಾನೇ ಕೆಡಿಸ್ದೆ. ಉಗಿಯೋದಿದ್ರೆ ನಂಗೆ ಉಗೀರಿ. ಆಕೆ ಕೆಲಸಕ್ಕೆ ಹೆಸರಿಟ್ಟೋರು ನನ್ನ ಬೋಟ್ ಹತ್ತಬೇಡಿ!"

ಕಟ್ಟೆಯ ಮೇಲೆ ನಗು, ಶಿಳ್ಳೆ, ಎಲ್ಲ ಒಟ್ಟಿಗೆ ಎದ್ದವು. ಬೆಂಚಿನ ಮೇಲೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಕಣ್ಣು ಮಂಜಾದ್ರೂ ಕಿವಿ ಗಟ್ಟಿಯಾಗಿದೆ ನಂಗೆ. ಬೇರೆ ಮೆಕ್ಯಾನಿಕ್ ಬೇಡ ಬಿಡು," ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು, ಯಾವ ಕೆಲಸವೂ ಇಲ್ಲದಿದ್ದರೂ ಹಿತ್ತಲಿಗೆ ಹೋದರು.

ಅವನು ವಾಪಸ್ ಬಂದು ದೂರದಲ್ಲೇ ನಿಂತ.

"ಯಾವುದು ಇರಲಿ ಮೇಡಂ? ಸಿಂಗಲ್ಲಾ, ಡಬಲ್ಲಾ?"

"ಡಬಲ್ಲೇ ಇರಲಿ."

ಅವನ ಮುಖ ಮತ್ತೆ ಬಾಡಿತು. ಅವಳು ಹತ್ತಿರ ಬಂದು ಅವನ ಜೇಬಿನಿಂದ ಇಣುಕುತ್ತಿದ್ದ ಸ್ಪ್ಯಾನರ್ ಕಿತ್ತುಕೊಂಡಳು.

"ಇದು ನನ್ನ ಹತ್ರ ಇರಲಿ. ಇನ್ಮೇಲೆ ಬೋಟ್ ಸರಿ ಇದ್ದಾಗ ಮಾತ್ರ ಬಾ."

ಬಾ! ಇಷ್ಟು ದಿನ ಬನ್ನಿ ಎನ್ನುತ್ತಿದ್ದವಳು. ಅವನು ಕಣ್ಣು ಪಿಳಿಪಿಳಿ ಬಿಟ್ಟ.

"ಡಬಲ್ ಹಾಕಿದ್ರೆ ದಿನಾ ಸರಿ ಇರುತ್ತಲ್ಲ?"

"ಹೂಂ," ಎಂದಳು ಅವಳು, ಈ ಸಲ ಗ್ರೀಸ್ ಒರೆಸಿಕೊಳ್ಳದೆ. "ಅದಕ್ಕೇ, ದಿನಾ ಬಾ."