ತಪೇರಾ ಕಟ್ಟು ಹಾಕಿದ ಹೊಲ

“ಆ ಕೆಳಗಿನ ಹೊಲಕ್ಕೆ ಮಾತ್ರ ಇಳೀಬೇಡಿ ಭಾವ. ಬೇಕಾದಷ್ಟು ಜೋಳ ನಾನೇ ಮುರಿದು ತಂದ್ಕೊಡ್ತೀನಿ,” ಎಂದಳು ಡೆಲ್ಫಿನಾ.

ಆರ್ಮಿಂದು ಬಾಯಲ್ಲಿದ್ದ ಮರಗೆಣಸಿನ ನಾರನ್ನು ಅಂಗಳಕ್ಕೆ ಉಗಿದು ನಕ್ಕ. ಅವನು ಅವಳ ಗಂಡ ತಪೇರಾನ ಅಣ್ಣ, ಅಪ್ಪನ ಮೊದಲ ಹೆಂಡತಿಯ ಮಗ. ಶಿಮೋಯು ಪಟ್ಟಣದ ಹತ್ತಿ ಗಿರಣಿಯಲ್ಲಿ ಹನ್ನೆರಡು ವರ್ಷ ಗುಮಾಸ್ತನಾಗಿದ್ದವನು. ಯುದ್ಧದಿಂದ ಗಿರಣಿ ಮುಚ್ಚಿ, ಪಟ್ಟಣದಲ್ಲಿ ತುತ್ತಿಗೂ ತತ್ವಾರವಾದಾಗ ಅವನಿಗೆ ಊರಿನ ನೆನಪು ಬಂದಿತ್ತು. ಊರೆಂದರೆ ಅವನ ಪಾಲಿಗೆ ಹೊಗೆ, ಹೇನು ಮತ್ತು ಕೋಲಿಗೆ ಚಿಂದಿ ಕಟ್ಟಿ ನಡುಗುವ ಜನ.

ತಪೇರಾನನ್ನು ಸರ್ಕಾರದ ಸಿಪಾಯಿಗಳು ಎಳೆದೊಯ್ದು ಐದು ತಿಂಗಳಾಗಿತ್ತು. ಕಾಡಿನ ಬಂಡಾಯಗಾರರಿಗೆ ಕಾಳು ಕೊಟ್ಟನೆಂಬುದು ಆರೋಪ. ಅಂದಿನಿಂದ ಡೆಲ್ಫಿನಾ ಮತ್ತು ಅವಳ ಅತ್ತೆ ರುದೊ, ಇಬ್ಬರೇ ಬೇಸಾಯ ನಡೆಸಿದ್ದರು. ಕಾಳನ್ನು ನೆಲದಲ್ಲಿ ಹೂತಿಡುವುದು, ನಾಯಿ ಬೊಗಳಿದರೆ ಮಕ್ಕಳನ್ನೆತ್ತಿಕೊಂಡು ಬೂಜಿ ನದಿಯ ಜೊಂಡಿಗೆ ಓಡುವುದು, ಆಡು ಕೂಗದಂತೆ ಅದರ ಮೂತಿ ಕಟ್ಟುವುದು. ಒಂದು ಕಡೆಯವರು ಬಂದು ಕೋಳಿಗಳನ್ನು ಹಿಡಿದುಕೊಂಡು ಹೋದರು. ಇನ್ನೊಂದು ಕಡೆಯವರು ಬಂದು, ಕೋಳಿ ಯಾಕಿಲ್ಲವೆಂದು ಹೊಡೆದರು. ಆದರೆ ನದಿಯಂಚಿನ ಮುಸುಕಿನ ಜೋಳಕ್ಕೆ ಇಬ್ಬರೂ ಕೈ ಹಾಕಲಿಲ್ಲ. ಅದರ ಮೂಲೆಯಲ್ಲಿ ಕಪ್ಪು ಬಟ್ಟೆ ಸುತ್ತಿದ ಗೂಟ, ಗೂಟದ ತುದಿಗೆ ಆಡಿನ ಕೊಂಬು. ಕಳ್ಳರು ಇಳಿಯದಂತೆ ತಪೇರಾ ತನ್ನ ಕೈಯಾರೆ ಹಾಕಿದ ಮಾಟದ ಕಟ್ಟು.

“ಬಂದೂಕು ಹಿಡಿದೋರೂ ಚಿಂದಿ ಕಂಡು ಬಳಸ್ಕೊಂಡು ಹೋಗ್ತಾರೆ. ಇಂಥೋರ ಕೈಲಿ ದೇಶ,” ಎಂದ ಆರ್ಮಿಂದು.

ಒಲೆಯ ಪಕ್ಕದಿಂದ ರುದೊ ತಲೆಯೆತ್ತಿದಳು. “ಆ ನೆಲದಲ್ಲಿ ಗುದ್ದಲಿ ಹಿಡಿದೋರಿಗೆ ಅದು ಏನೂ ಮಾಡಲ್ಲಪ್ಪ. ನೀನು ಹಿಡಿದಿಲ್ಲ.”

“ಗುದ್ದಲಿ ಹಿಡಿಯೋ ಹಣೆಬರಹ ನಂದಲ್ಲ ಚಿಕ್ಕಮ್ಮ.”

ಅಪ್ಪ ಆ ಹೊಲವನ್ನು ಕಿರಿಯವನಿಗೆ ಬಿಟ್ಟು ಸತ್ತಿದ್ದ. ಆ ಉರಿ ಆರ್ಮಿಂದುವಿನ ಹೊಟ್ಟೆಯಲ್ಲಿ ಆರಿರಲಿಲ್ಲ. ಕಾಡಿನವರಿಗೆ ಉಣ್ಣಿಸುವವರು ಯಾರೆಂದು ಸಂತೆದಾರಿಯಲ್ಲಿ ಒಬ್ಬ ಅಧಿಕಾರಿ ಕೇಳಿದಾಗ, ಅವನು ತಮ್ಮನ ಹೆಸರು ಹೇಳಿದ್ದ. ಮುಂದೆ ಏನಾಯಿತೆಂಬುದನ್ನು ಸಿಪಾಯಿಯೊಬ್ಬ ಹೆಂಡದ ಅಮಲಿನಲ್ಲಿ ಹೇಳಿಯೂ ಇದ್ದ. ಇಲ್ಲಿ ಮಾತ್ರ, “ವಿಚಾರಿಸ್ತಾ ಇದ್ದೀನಿ, ಮುಂದಿನ ತಿಂಗಳು ಬಿಡ್ತಾರಂತೆ,” ಎನ್ನುತ್ತ, ಮಕ್ಕಳ ಪಾಲಿನ ಗಂಜಿಯನ್ನೂ ಕುಡಿಯುತ್ತಿದ್ದ.

ಅಂದು ನಡುಮಧ್ಯಾಹ್ನ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಹೊಲಕ್ಕಿಳಿದ. ಗೂಟ ಕಿತ್ತು ನದಿಗೆಸೆದ. ಕೊಂಬು ಒಮ್ಮೆ ಮುಳುಗಿ, ಎದ್ದು, ತೇಲಿಹೋಯಿತು.

ಒಳಗೆ ಎಲೆಗಳು ತಲೆಯ ಮೇಲೆ ಕೂಡಿಕೊಂಡು ಹಗಲನ್ನೇ ನುಂಗಿದ್ದವು. ಮೊದಲು ಒಣಗಿದ ಜೋಳದ ಸಿಹಿ ವಾಸನೆ. ನಾಲ್ಕು ಹೆಜ್ಜೆ ದಾಟಿದ ಮೇಲೆ ಹಸಿ ಚರ್ಮದ್ದು, ಹಳೆಯ ರಕ್ತದ್ದು. ಆರ್ಮಿಂದು ಮೂಗು ಸಿಂಡರಿಸಿ ತೆನೆ ಮುರಿಯತೊಡಗಿದ. ಮೂರು ಚೀಲ ತುಂಬಿತು. ಬಾಯಾರಿತು. ಸಾಕೆಂದುಕೊಂಡ.

ಕೈ ನಿಲ್ಲಲಿಲ್ಲ.

ಮುಷ್ಟಿ ಬಿಗಿದ. ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಮುಂದಿನ ತೆನೆ. ಟಕ್. ಅದರ ಮುಂದಿನದು. ಟಕ್. ಕಾಲನ್ನು ಅಂಚಿನತ್ತ ತಿರುಗಿಸಿದ. ಕಾಲು ಸಾಲಿನೊಳಕ್ಕೇ ನಡೆಯಿತು. ಅಂಗೈ ಸುಲಿಯಿತು. ಎಲೆಯ ಅಂಚು ಕೆನ್ನೆ ಸೀಳಿತು. ಪಕ್ಕದ ಸಾಲಿನಲ್ಲಿ ಇನ್ಯಾರೋ ಮುರಿಯುತ್ತಿದ್ದರು. ಇವನು ಮುರಿದಾಗಲೇ, ಅಲ್ಲೂ. ಟಕ್. ಇಣುಕಿ ನೋಡಿದ. ಯಾರೂ ಇಲ್ಲ. ದಂಟುಗಳು ಮಾತ್ರ ಒಬ್ಬ ಆಳಿಗೆ ದಾರಿ ಬಿಟ್ಟಂತೆ ಬಾಗುತ್ತಿದ್ದವು. ಉಸಿರು ಕೇಳಿಸಿತು. ಹತ್ತಿರ. ಇನ್ನೂ ಹತ್ತಿರ.

ಅವನು ಅರಚಿದ್ದು ಕೇಳಿ ಡೆಲ್ಫಿನಾ ಓಡಿಬಂದು ಅಂಚಿನಲ್ಲಿ ನಿಂತಳು.

“ಬಿಚ್ಚು ಇದನ್ನ. ನಿನ್ನ ಕಾಲು ಹಿಡ್ಕೋತೀನಿ, ಬಿಚ್ಚು.”

“ನನ್ನಿಂದಾಗಲ್ಲ ಭಾವ. ಕಟ್ಟಿದ ಕೈಯೇ ಬಿಚ್ಚಬೇಕು. ಅವರು ಬರೋತನಕ ತಡ್ಕೊಳ್ಳಿ.”

“ಅವನು ಬರಲ್ಲ.”

“ಯಾಕೆ?”

ಅವನು ಬಾಯಿ ಬಿಗಿಹಿಡಿದ. ಆದರೆ ಕೈಯಂತೆಯೇ ನಾಲಿಗೆಯೂ ಅವನ ಮಾತು ಕೇಳಲಿಲ್ಲ. “ಸತ್ತ. ಹಿಡ್ಕೊಂಡು ಹೋದ ಮೂರನೇ ದಿನವೇ. ಸೇತುವೆ ಹತ್ರ ಹೂತಿದ್ದಾರೆ. ಹೆಸರು ಕೊಟ್ಟೋನು ನಾನೇ.”

ಡೆಲ್ಫಿನಾ ಅಂಚಿನಲ್ಲೇ ಕುಳಿತಳು. ತಲೆವಸ್ತ್ರ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಅವನ ಕೈಗಳು ಆಡುವುದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಅತ್ತೆಯನ್ನು ಕರೆತಂದಳು.

ರುದೊ ಎಲ್ಲವನ್ನೂ ಕೇಳಿಸಿಕೊಂಡಳು. ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು. ಮಗನ ಹೆಸರನ್ನು ಒಮ್ಮೆ ಹೇಳಿದಳು, ಕರೆಯುವ ಹಾಗೆ. ಮತ್ತೆ ಹೇಳಲಿಲ್ಲ.

“ಅವನು ಬಂದ್ರೆ ಮನೆ ಖಾಲಿ ಇರಬಾರ್ದು ಅಂತ ಇಲ್ಲಿದ್ವಿ. ಇನ್ನು ಯಾರಿಗೆ ಕಾಯೋದು? ಹೊರೋಷ್ಟು ಜೋಳ ಕಟ್ಕೋ. ಹೊತ್ತಿರೋವಾಗಲೇ ಹೊರಡೋಣ, ಗಡಿ ದಾಟೋಣ.”

ಅತ್ತೆ ಸೊಸೆ ಇಬ್ಬರೂ ಹೊಲಕ್ಕಿಳಿದರು. ಅವರನ್ನು ಯಾವುದೂ ತಡೆಯಲಿಲ್ಲ. ಆರ್ಮಿಂದು ಮುರಿದು ಹಾಕಿದ್ದನ್ನು ಆಯ್ದರು, ಚೀಲದ ಬಾಯಿ ಕಟ್ಟಿದರು. ಅವನು ಅತ್ತ, ಬೈದ, ಅಪ್ಪನ ಆಣೆ ಹಾಕಿದ. ಕೊನೆಗೆ ನೀರು ಬೇಡಿದ.

ಡೆಲ್ಫಿನಾ ಸೋರೆಬುರುಡೆಯನ್ನು ಅವನ ಬಾಯಿಗೆ ಹಿಡಿದಳು. “ಕುಡೀರಿ. ಕೂಲಿ ಆಳಿಗೂ ನೀರು ಕೊಡೋದು ನಮ್ಮ ಮನೆ ರೂಢಿ.”

ಮಕ್ಕಳು ಆಡಿನ ಹಗ್ಗ ಹಿಡಿದರು. ಹೆಂಗಸರು ಹೊರೆ ಹೊತ್ತರು. ದಿಣ್ಣೆಯ ಮೇಲೆ ರುದೊ ಒಮ್ಮೆ ನಿಂತು ತಿರುಗಿ ನೋಡಿದಳು. ತೆನೆ ಮುಗಿದ ಬೋಳು ದಂಟುಗಳ ನಡುವೆ ಆ ಕೈಗಳು ಇನ್ನೂ ಎದ್ದು ಬೀಳುತ್ತಿದ್ದವು. ಪಕ್ಕದ ಸಾಲಿನ ದಂಟುಗಳೂ ಬಾಗುತ್ತಿದ್ದವು.

“ಏನು ಅಚ್ಚುಕಟ್ಟಾಗಿ ಮಾಡ್ತಾನೆ ನೋಡು ನಿನ್ನ ಭಾವ,” ಎಂದಳು ಮುದುಕಿ. “ನಮ್ಮ ಪಾಲಿಗೆ ಬದುಕಿದ್ದಾಗ ಒಂದು ದಿನಾನೂ ಹೀಗೆ ಮೈ ಬಗ್ಗಿಸಿದೋನಲ್ಲ.”