ಬಿರಡೆ ಹಾಕಿದ ಕಣ್ಣು

ಬಾಗಿಲಿಗೆ ಯಾರೋ ಅಡ್ಡ ನಿಂತಿದ್ದಾರೆ ಅಂತ ಮುರ್ತಿನಿಗೆ ಗೊತ್ತಾಗಿದ್ದು ಬಟ್ಟೆಯ ಮೇಲಿನ ಬೆಳಕು ಕಡಿಮೆಯಾದಾಗ. ತಲೆ ಎತ್ತಿದಳು. ಎತ್ತಿದ್ದೇ ತಡ, ಎರಡೂ ಕಣ್ಣಿಂದ ಬಳಬಳನೆ ನೀರು ಇಳಿಯಿತು!

ಬಾಗಿಲಲ್ಲಿದ್ದವನು ಗರಬಡಿದವನಂತೆ ನಿಂತುಬಿಟ್ಟ.

ಎತ್ತರದ ಆಳು. ಮೂವತ್ತು ದಾಟಿರಬೇಕು. ಮೊಣಕೈವರೆಗೆ ಕಂದು ಬಣ್ಣ ಮೆತ್ತಿಕೊಂಡಿತ್ತು.

"ನಾನು... ಬಣ್ಣದ ಮನೆಯಿಂದ ಬಂದೆ. ವಿರತ್ಮೊ ಅಂತ. ಮೇಣ ಬರೆದ ಬಟ್ಟೆ ಇತ್ತಂತಲ್ಲ..."

"ಒಳಗಿದೆ, ತಗೊಳ್ಳಿ," ಅಂದಳು ಮುರ್ತಿನಿ. ಅಷ್ಟು ಹೇಳುವಷ್ಟರಲ್ಲಿ ಇನ್ನೆರಡು ಹನಿ ಗಲ್ಲದ ಮೇಲೆ ಜಾರಿದವು.

ಅವನು ತಕ್ಷಣ ನೆಲ ನೋಡಿದ. ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಅವಳ ಮಣೆಯ ಅಂಚಿಗಿಟ್ಟ. ಏನೂ ಕೇಳಲಿಲ್ಲ. ಬಟ್ಟೆಯ ಗಂಟು ಹೆಗಲಿಗೇರಿಸಿಕೊಂಡು ಹೊರಟೇ ಹೋದ.

ಮೇಣದ ಬಾಣಲೆಯ ಸುತ್ತ ಕೂತಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮಣೆಯ ಯಾತ್ಮಿಯ ಬಾಯಿಗೆ ಬೀಗ ಎಲ್ಲಿಯದು?

"ಏನೇ ಮಾರಾಯ್ತಿ, ಗಂಡಸಿನ ಮುಖ ನೋಡಿದ ಕೂಡಲೇ ಅಳೋದಾ? ನಾನಾದ್ರೂ ಮದುವೆ ಆದ ಮೇಲೆ ಶುರು ಮಾಡಿದೆ!"

"ಹೊಗೆ ಕಣೇ, ಹೊಗೆ..."

ಹೊಗೆಯಲ್ಲ. ಅದು ಮುರ್ತಿನಿಗೂ ಗೊತ್ತು, ಅವಳ ಅಮ್ಮನಿಗೂ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ.

ಒಂಬತ್ತು ವರ್ಷದಿಂದ ಅವಳು ಸೋಲೊ ಊರಿನ ಈ ಕಾರ್ಖಾನೆಯಲ್ಲಿ ಬಟ್ಟೆಯ ಮೇಲೆ ಬಿಸಿ ಮೇಣದಿಂದ ಬಾತಿಕ್ ಗೆರೆ ಎಳೆಯುತ್ತಿದ್ದಾಳೆ. ಒಂದು ಗೆರೆ ಮುಗಿಯುವವರೆಗೆ ರೆಪ್ಪೆ ಬಡಿಯುವ ಹಾಗಿಲ್ಲ. ಬಡಿದರೆ ಕೈ ನಡುಗುತ್ತದೆ. ಹಾಗೆ ಬಡಿಯದೇ ಬಡಿಯದೇ ಕಣ್ಣು ಒಣಗಿ, ಹೋದ ವರ್ಷದಿಂದ ರೆಪ್ಪೆಯೊಳಗೆ ಮರಳು ತುಂಬಿದ ಹಾಗೆ ಉರಿ. ಆಮೇಲೆ ಗೆರೆಗಳೇ ಎರಡೆರಡಾಗಿ ಕಾಣತೊಡಗಿದವು.

"ನಿಮಗೆ ಕಣ್ಣೀರು ಹುಟ್ಟೋದೇ ಕಮ್ಮಿ," ಅಂದಿದ್ದರು ಕಣ್ಣಿನ ಡಾಕ್ಟರಮ್ಮ. "ಹುಟ್ಟಿದ ಸ್ವಲ್ಪವೂ ರೆಪ್ಪೆಯ ಮೂಲೇಲಿರೋ ತೂತಿನಿಂದ ಮೂಗಿಗೆ ಇಳಿದು ಹೋಗ್ತಿದೆ. ಆ ತೂತಿಗೆ ಒಂದೊಂದು ಬಿರಡೆ ಹಾಕಿಬಿಡ್ತೀನಿ. ಇರೋ ನೀರು ಕಣ್ಣಲ್ಲೇ ಉಳಿಯುತ್ತೆ."

ಎಳ್ಳಿಗಿಂತ ಚಿಕ್ಕ ಬಿರಡೆಗಳು. ಹಾಕಲು ಐದು ನಿಮಿಷವೂ ಹಿಡಿಯಲಿಲ್ಲ. ಮರುದಿನವೇ ಮರಳು ಮಾಯ! ಕೂದಲೆಳೆಯಂಥ ಗೆರೆಯೂ ಸ್ಪಷ್ಟವಾಗಿ ಕಂಡಿತು. ಆದರೆ ನೀರು ಉಳಿಯುವುದು ಮಾತ್ರವಲ್ಲ, ಉಕ್ಕತೊಡಗಿತು. ಗಾಳಿ ಬೀಸಿದರೆ ಉಕ್ಕುತ್ತದೆ, ತಲೆ ಎತ್ತಿದರೆ ಉಕ್ಕುತ್ತದೆ, ಒಮ್ಮೊಮ್ಮೆ ಏನೂ ಇಲ್ಲದೆ ಸುಮ್ಮಸುಮ್ಮನೆ ಉಕ್ಕುತ್ತದೆ.

ಹೇಳಿಕೊಳ್ಳುವ ಹಾಗೂ ಇಲ್ಲ. ಕಣ್ಣು ಕೆಟ್ಟಿದೆ ಅಂತ ಗೊತ್ತಾದರೆ ಯಜಮಾನಿ ಬು ಸುಮಿರಾಹ್ ಮದುವೆ ಬಟ್ಟೆಯ ಸೂಕ್ಷ್ಮ ಕೆಲಸ ಕಿತ್ತುಕೊಂಡು ಅಂಚು ತುಂಬುವ ಕೆಲಸಕ್ಕೆ ಕೂರಿಸುತ್ತಾಳೆ.

ವಿರತ್ಮೊ ಸೋಮವಾರ ಬಂದ, ಗುರುವಾರ ಬಂದ. ಮತ್ತೆ ಸೋಮವಾರ ಬಂದ. ಅವನು ಬಾಗಿಲಲ್ಲಿ ನಿಲ್ಲುವುದು, ಇವಳು ತಲೆ ಎತ್ತುವುದು, ನೀರು ಇಳಿಯುವುದು! ಅವನು ಮಾತ್ರ ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಒಂದು ದಿನ ಒಲೆಯ ಹೊಗೆ ಅವಳ ಕಡೆ ಬರದ ಹಾಗೆ ತಗಡು ಅಡ್ಡ ಇಟ್ಟು ಹೋದ. ಇನ್ನೊಂದು ದಿನ ಹುಣಸೆ ಮಿಠಾಯಿಯ ಪೊಟ್ಟಣ. ಮತ್ತೊಂದು ದಿನ, ಯಾರೂ ಹತ್ತಿರ ಇಲ್ಲದಾಗ, ಗಂಟು ಕಟ್ಟುತ್ತಲೇ ಹೇಳಿದ.

"ಇದರಲ್ಲಿ ನಿಮ್ಮ ಬಟ್ಟೆ ಯಾವುದು ಅಂತ ನನಗೆ ಬಣ್ಣದಲ್ಲಿ ಅದ್ದುವಾಗಲೇ ಗೊತ್ತಾಗುತ್ತೆ."

"ಹೇಗೆ?"

"ನಿಮ್ಮ ಮೇಣ ಎಲ್ಲೂ ಬಿರುಕು ಬಿಡಲ್ಲ, ಬಣ್ಣ ಒಳಗೆ ನುಸುಳಲ್ಲ."

ಅಷ್ಟೇ. ಆದರೆ ಒಂಬತ್ತು ವರ್ಷದಲ್ಲಿ ಅವಳ ಗೆರೆಯನ್ನು ಗುರುತು ಹಿಡಿದವರು ಯಾರಿದ್ದರು? ಅವಳ ಎದೆ ಡವಗುಟ್ಟಿತು. ಕಣ್ಣೂ ತುಂಬಿತು.

'ಇದು ಬಿರಡೆಯ ನೀರೋ, ನನ್ನದೋ?' ಮುರ್ತಿನಿ ತನ್ನನ್ನೇ ಕೇಳಿಕೊಂಡಳು. 'ಅಯ್ಯೋ, ನನಗೇ ಗೊತ್ತಾಗ್ತಿಲ್ವಲ್ಲ...'

ಇಪ್ಪತ್ತೊಂಬತ್ತು ತುಂಬಿದ ಹುಡುಗಿಗೆ ತನ್ನ ಅಳುವೇ ಅರ್ಥವಾಗದಿದ್ದರೆ ಇನ್ನು ಬೇರೆಯವರ ಗತಿ ಏನು, ನೀವೇ ಹೇಳಿ.

ಆ ತಿಂಗಳೇ ವಿರತ್ಮೊನ ಮನೆಯಿಂದ ಹುಡುಗಿ ನೋಡಲು ಬರುತ್ತೇವೆ ಅಂತ ಸುದ್ದಿ ಬಂತು. ಮುರ್ತಿನಿಯ ಅಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಾಳೆಹಣ್ಣಿನ ನಾಗಸಾರಿ ಕಡುಬನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ್ದೇ ಬೇಯಿಸಿದ್ದು.

"ಕಣ್ಣಿನ ವಿಷಯ ಬಾಯಿ ಬಿಟ್ಟೀಯ, ಜೋಕೆ!"

"ಸುಳ್ಳು ಹೇಳಲಾ ಅಮ್ಮಾ?"

"ಸುಳ್ಳು ಹೇಳು ಅಂದ್ನಾ? ಸುಮ್ಮನಿರು ಅಂದೆ. ಮದುವೆ ಆಗಲಿ, ಆಮೇಲೆ ತಾನಾಗೇ ಗೊತ್ತಾಗುತ್ತೆ."

ಟೀ ತಟ್ಟೆ ಹಿಡಿದು ಮುರ್ತಿನಿ ಹೊರಗೆ ಬಂದಳು. ಚಾಪೆಯ ಮೇಲೆ ವಿರತ್ಮೊ, ಅವನ ಸೋದರತ್ತೆ ಬು ತುಗಿನೆಮ್, ಮಾವ. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಆ ಗಾಳಿಯೊಂದು ಸಾಕಾಯಿತು! ವಿರತ್ಮೊನ ಮುಂದೆ ಲೋಟ ಇಡಲು ಬಗ್ಗಿದಳು... ಟಪ್! ಹನಿ ಬಿದ್ದಿದ್ದು ನೇರ ಅವನ ಟೀಯೊಳಗೆ.

ಎಲ್ಲರೂ ನೋಡಿದರು. ಯಾರೂ ನೋಡದವರ ಹಾಗೆ ಕೂತರು.

ಸೋಲೊದ ಜನ ನಾವು. ಮನೆಗೆ ಬೆಂಕಿ ಬಿದ್ದರೂ 'ಇವತ್ತು ಸ್ವಲ್ಪ ಸೆಕೆ ಅಲ್ವಾ' ಅನ್ನುವವರು. ಎದುರಿಗಿದ್ದವರ ಮನಸ್ಸಿಗೆ ಮುಜುಗರವಾದೀತು ಅಂತ ಕೇಳಬೇಕಾದ್ದನ್ನು ಕೇಳುವುದಿಲ್ಲ, ಹೇಳಬೇಕಾದ್ದನ್ನು ಹೇಳುವುದಿಲ್ಲ.

"ಈ ಸಲ ಮಾವು ಚೆನ್ನಾಗಿ ಬಿಟ್ಟಿದೆ," ಅಂದಳು ಬು ತುಗಿನೆಮ್.

"ಹೌದು ಹೌದು, ಚೆನ್ನಾಗಿ ಬಿಟ್ಟಿದೆ," ಅಂದಳು ಅಮ್ಮ.

ಮುರ್ತಿನಿಯ ಗಲ್ಲದ ಮೇಲೆ ನೀರು ಧಾರೆಧಾರೆ. ಒರೆಸಿಕೊಂಡರೆ ಅಳುತ್ತಿದ್ದೇನೆ ಅಂತ ಒಪ್ಪಿದ ಹಾಗೆ. ಒರೆಸಿಕೊಳ್ಳದಿದ್ದರೆ...? ಅವಳು ಕಲ್ಲಿನ ಹಾಗೆ ಕೂತಳು.

ವಿರತ್ಮೊ ಆ ಲೋಟ ಎತ್ತಿ ಒಂದು ತೊಟ್ಟೂ ಬಿಡದೆ ಕುಡಿದ. ಹೊರಡುವಾಗ ಒಮ್ಮೆ ಅವಳನ್ನು ನೋಡಿದ. ಆ ನೋಟದಲ್ಲಿ ಅಷ್ಟೊಂದು ನೋವು ಯಾಕಿತ್ತು ಅಂತ ಅವಳಿಗೆ ತಿಳಿಯಲೇ ಇಲ್ಲ.

ನಾಲ್ಕು ದಿನ ಬಿಟ್ಟು ಬು ತುಗಿನೆಮ್ ಒಬ್ಬಳೇ ಬಂದಳು. ಕೈಯಲ್ಲಿ ಹಣ್ಣಿನ ಬುಟ್ಟಿ, ಮುಖದಲ್ಲಿ ತುಂಬು ನಗು.

"ಏನು ಮಾಡೋದು ಹೇಳಿ... ಹುಟ್ಟಿದ ವಾರ, ಐದು ದಿನದ ಸಂತೆ ಲೆಕ್ಕದಲ್ಲಿ ಹುಟ್ಟಿದ ದಿನ, ಎರಡನ್ನೂ ಸೇರಿಸಿ ಲೆಕ್ಕ ಹಾಕಿಸಿದ್ವಿ. ಇಬ್ಬರದ್ದೂ ಕೂಡಿ ಬರ್ತಿಲ್ಲವಂತೆ."

ಅಮ್ಮನೂ ನಕ್ಕಳು. "ಅಯ್ಯೋ, ಅದಕ್ಕೇನು ಬಿಡಿ, ಲೆಕ್ಕ ಮುಖ್ಯ," ಅಂದಳು. ಗೇಟಿನವರೆಗೂ ಹೋಗಿ ಕಳಿಸಿ ಬಂದಳು. ಬಂದವಳೇ ಅಡುಗೆಮನೆಯಲ್ಲಿ ಕುಸಿದು ಕೂತಳು. ಜಾತಕದ ಲೆಕ್ಕ ಅಂದರೆ ಏನರ್ಥ ಅಂತ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಬೇಡ ಅನ್ನುವುದಕ್ಕೆ ಅದಕ್ಕಿಂತ ಮೃದುವಾದ ದಾರಿ ಇಲ್ಲ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಮಾತ್ರ ಸುಮ್ಮನಿರಲಿಲ್ಲ. ಇಬ್ಬರ ಹುಟ್ಟಿದ ದಿನ ಹಿಡಿದು ಬೆರಳು ಮಡಿಸಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಯಾವ ಮುಠ್ಠಾಳ ಹೇಳಿದ್ದು ಕೂಡಲ್ಲ ಅಂತ? ಇಷ್ಟು ಒಳ್ಳೆ ಕೂಡಿಕೆ ನನಗೂ ನಿಮ್ಮ ತಾತನಿಗೂ ಇರಲಿಲ್ಲ!"

ಅಂದರೆ... ಸುಳ್ಳು! ಮುರ್ತಿನಿಯ ತಲೆ ಗಿರ್ರೆಂದಿತು. ಯಾಕೆ? ಕಣ್ಣಿನ ವಿಷಯ ಗೊತ್ತಾಯಿತಾ? ಹಾಗಿದ್ದರೆ ಆ ತಗಡು, ಆ ಮಿಠಾಯಿ, ಆ ಮಾತು? ನನ್ನ ಗೆರೆ ಬೇಕು, ನನ್ನ ಕಣ್ಣು ಬೇಡವಾ? ಅವಳು ಹಿತ್ತಲಿಗೆ ಹೋಗಿ ಗೋಡೆಗೆ ಒರಗಿ ನಿಂತಳು. ನೀರು ಸುರಿಯಿತು. ಈ ಸಲವೂ ಯಾವ ನೀರು ಅಂತ ತಿಳಿಯಲಿಲ್ಲ.

ಮರುದಿನವೇ ಕಣ್ಣಾಸ್ಪತ್ರೆಗೆ ಹೋದಳು.

"ತೆಗೆದುಬಿಡಿ ಡಾಕ್ಟ್ರೇ. ಎರಡೂ ಬೇಡ."

"ಉರಿ ಮತ್ತೆ ಬರುತ್ತಲ್ಲಮ್ಮ?"

"ಬರಲಿ."

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. "ಅವಸರ ಬೇಡ. ಎಡಗಣ್ಣಿಂದು ಮಾತ್ರ ತೆಗೀತೀನಿ. ಹದಿನೈದು ದಿನ ನೋಡೋಣ. ಆಗ ಬೇಕಾದ್ರೆ ಚಿಕ್ಕ ಅಳತೆಯದು ಹಾಕಿದ್ರಾಯ್ತು."

ಈಗ ಇನ್ನೂ ಚೆಂದವಾಯಿತು! ಎಡಗಣ್ಣಲ್ಲಿ ಮರಳು, ಬಲಗಣ್ಣಲ್ಲಿ ಹೊಳೆ.

"ಅಲ್ಲ ಕಣೇ, ಈಗ ಅರ್ಧ ಮಾತ್ರ ಅಳ್ತಿದೀಯಾ? ಉಳಿದರ್ಧ ಯಾರಿಗೆ ಎತ್ತಿಟ್ಟಿದ್ದು?" ಅಂತ ಯಾತ್ಮಿ ರೇಗಿಸಿದಳು. ಆದರೆ ಕಣ್ಣು ತಪ್ಪಿಸಿ ಮೆಲ್ಲಗೆ ಸೇರಿಸಿದಳು, "ಬಟ್ಟೆ ತಗೊಂಡು ಹೋಗೋಕೆ ಈಗ ಬೇರೆ ಯಾರೋ ಮುದುಕಪ್ಪ ಬರ್ತಿದಾನೆ. ನೋಡಿದ್ಯಾ?"

ನೋಡಿದ್ದಳು. ಸೋಮವಾರ, ಗುರುವಾರ, ಸೋಮವಾರ. ಪ್ರತಿ ಸಲ ಬಾಗಿಲಲ್ಲಿ ನೆರಳು ಬಿದ್ದಾಗಲೂ ತಲೆ ಎತ್ತಿ ನೋಡಿದ್ದಳು.

ಬೇಡ ಅಂದವನ ಬಾಗಿಲಿಗೆ ಹೆಣ್ಣು ತಾನಾಗಿ ಹೋಗುವುದುಂಟಾ? ಅಮ್ಮನಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾಳೆ. ಬೀದಿಯಲ್ಲಿ ನೂರು ಬಾಯಿ. ಆದರೂ ಬು ತುಗಿನೆಮ್ ಬಂದುಹೋದ ಹನ್ನೊಂದನೆಯ ದಿನ ಮಧ್ಯಾಹ್ನ ಮುರ್ತಿನಿ ಮೇಣದ ಕೈ ತೊಳೆದು ಎದ್ದಳು. ಬಣ್ಣದ ಮನೆಗೆ ನಡೆದೇ ಹೋದಳು. ಇವತ್ತು ಕೇಳದಿದ್ದರೆ ಜೀವಮಾನವಿಡೀ ಗೊತ್ತಾಗುವುದಿಲ್ಲ ಅನ್ನುವುದೊಂದೇ ಅವಳ ತಲೆಯಲ್ಲಿದ್ದದ್ದು.

ಅಂಗಳದ ತುಂಬ ತೊಟ್ಟಿಗಳು. ಒಂದರ ಹತ್ತಿರ ವಿರತ್ಮೊ ಬಟ್ಟೆ ಹಿಂಡುತ್ತಿದ್ದ. ಪಕ್ಕದಲ್ಲಿ ಅದೇ ಮುದುಕಪ್ಪ. ಅವಳನ್ನು ಕಂಡು ವಿರತ್ಮೊನ ಕೈಯಿಂದ ಬಟ್ಟೆ ಜಾರಿ ತೊಟ್ಟಿಗೆ ಬಿತ್ತು.

"ಮಾಸ್ ವಿರತ್ಮೊ," ಅಂತ ಮರ್ಯಾದೆಯಿಂದಲೇ ಕರೆದಳು ಮುರ್ತಿನಿ. "ನಮ್ಮಜ್ಜಿ ಲೆಕ್ಕ ಹಾಕಿದ್ರು. ಕೂಡಿ ಬರುತ್ತೆ."

ಅವನು ತೊಟ್ಟಿಗೆ ಬಿದ್ದ ಬಟ್ಟೆ ಎತ್ತಲು ಬಗ್ಗಿದ.

"ಯಾಕೆ ಸುಳ್ಳು ಹೇಳಿಸಿದ್ರಿ?"

"ಬಿಸಿಲಿದೆ... ನೆರಳಿಗೆ ಬನ್ನಿ..."

"ಬಿಸಿಲಿನ ಮಾತು ಬೇಡ! ಹೇಳಿ!"

ಮುದುಕಪ್ಪ ಕಿವುಡನ ಹಾಗೆ ಬೆನ್ನು ತಿರುಗಿಸಿದ. ಕಿವಿ ಮಾತ್ರ ಇತ್ತಲೇ ಇತ್ತು.

ವಿರತ್ಮೊ ತಗ್ಗಿದ ದನಿಯಲ್ಲಿ ಹೇಳಿದ, "ನೀವು ಬೇಡ ಅಂದಿದ್ರೆ ನಿಮ್ಮನೇಲಿ ನಿಮ್ಮನ್ನ ಬಯ್ಯೋರು. ಲೆಕ್ಕ ಕೂಡಲಿಲ್ಲ ಅಂದ್ರೆ ಯಾರನ್ನೂ ಯಾರೂ ಬಯ್ಯಲ್ಲ. ಅದಕ್ಕೆ..."

"ನಾನು ಯಾವಾಗ ಬೇಡ ಅಂದೆ?!"

"ಅನ್ನಲಿಲ್ಲ. ಅತ್ರಿ." ಅವನ ದನಿ ಒಡೆಯಿತು. "ನನ್ನನ್ನ ನೋಡಿದಾಗಲೆಲ್ಲ ಅತ್ರಿ. ಯಾರನ್ನೋ ಮನಸ್ಸಲ್ಲಿಟ್ಟುಕೊಂಡಿದೀರಿ ಅಂದುಕೊಂಡೆ. ಆದ್ರೂ ಆಸೆ ಬಿಡದೆ ಅತ್ತೇನ ಕರ್ಕೊಂಡು ಬಂದೆ. ನನ್ನ ಟೀ ಒಳಗೇ ಕಣ್ಣೀರು ಹಾಕಿದ್ರಿ. ಅದನ್ನ ಕುಡಿದು ಎದ್ದು ಬಂದೆ. ಇನ್ನೇನು ಅರ್ಥ ಮಾಡ್ಕೊಳ್ಳಲಿ ನಾನು?"

ಮುರ್ತಿನಿ ಬಾಯಿ ತೆರೆದು ನಿಂತಳು. ನಗು ಬಂತು. ನಗುವ ಹೊತ್ತಾ ಇದು? ಸಿಟ್ಟೂ ಬಂತು.

"ಒಂದು ಮಾತು ಕೇಳಬಹುದಿತ್ತಲ್ಲ!"

"ಅಳೋರನ್ನ ಯಾಕೆ ಅಳ್ತೀರಿ ಅಂತ ಕೇಳ್ತಾರಾ? ಎಷ್ಟು ಒರಟುತನ ಅದು!"

"ಇಲ್ಲಿ ಬನ್ನಿ," ಅಂದಳು. ಬಲಗಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಹಿಡಿದಳು. "ಮೂಗಿನ ಪಕ್ಕದ ಮೂಲೆ. ಏನು ಕಾಣುತ್ತೆ?"

ಅವನು ಬಗ್ಗಿದ. ಇಷ್ಟು ಹತ್ತಿರ ಅವರು ಯಾವತ್ತೂ ನಿಂತಿರಲಿಲ್ಲ. ಅವನ ಉಸಿರು ಅವಳ ಗಲ್ಲಕ್ಕೆ ತಾಗಿತು.

"ಏನೋ ಚುಕ್ಕೆ... ಪಾರದರ್ಶಕವಾಗಿದೆ."

"ಬಿರಡೆ ಅದು. ನನ್ನದು ಒಣಗಣ್ಣು, ಮಾಸ್. ನೀರು ಇಳಿದು ಹೋಗದ ಹಾಗೆ ಹಾಕಿದಾರೆ. ಕೆಲವು ಸಲ ಜಾಸ್ತಿಯಾಗಿ ಸುರಿಯುತ್ತೆ. ನಿಮ್ಮನ್ನ ನೋಡಿ ಅಲ್ಲ... ಗಾಳಿಗೆ!"

ಅವನು ತೊಟ್ಟಿಯ ಕಟ್ಟೆಯ ಮೇಲೆ ಧೊಪ್ಪನೆ ಕೂತ.

"ಇಷ್ಟಕ್ಕಾ? ಇಷ್ಟೇ ಇಷ್ಟು ಬಿರಡೆಗಾ ನಾನು ಊಟ ನಿದ್ದೆ ಬಿಟ್ಟಿದ್ದು?" ಥಟ್ಟನೆ ತಲೆ ಎತ್ತಿದ. "ಎಡಗಣ್ಣು ಯಾಕೆ ಇಷ್ಟು ಕೆಂಪಾಗಿದೆ?"

"ಅದರದ್ದು ತೆಗೆಸಿಬಿಟ್ಟೆ. ಕಣ್ಣು ಸರಿ ಇಲ್ಲ ಅಂತ ನೀವು ಬಿಟ್ಟಿರಿ ಅಂದುಕೊಂಡೆ..."

"ನೋಯುತ್ತಾ?"

"ಮರಳು ಹಾಕಿ ಉಜ್ಜಿದ ಹಾಗೆ."

"ಹುಚ್ಚಾ ನಿಮಗೆ?" ವಿರತ್ಮೊ ಎದ್ದೇ ನಿಂತ. ಅವನ ಬಾಯಲ್ಲಿ ಗದರುವ ಮಾತು ಅವಳು ಕೇಳಿದ್ದು ಅದೇ ಮೊದಲು. "ನಾಳೆನೇ ಮತ್ತೆ ಹಾಕಿಸಿ! ನಾನೇ ಕರ್ಕೊಂಡು ಹೋಗ್ತೀನಿ!"

"ಹಾಕಿಸಿದ್ರೆ ಮತ್ತೆ ಸುರಿಯುತ್ತೆ. ಮದುವೆ ದಿನವೂ ಸುರಿಯುತ್ತೆ. ಜನ ಏನಂತಾರೆ? ಹುಡುಗಿನ ಬಲವಂತ ಮಾಡಿ ಕೂರಿಸಿದಾರೆ ಅಂತಾರೆ."

"ಅನ್ನಲಿ ಬಿಡಿ. ನಿಮಗೆ ಉರಿಯದೇ ಇದ್ರೆ ಸಾಕು."

ಮುರ್ತಿನಿ ಮುಖ ಪಕ್ಕಕ್ಕೆ ತಿರುಗಿಸಿದಳು.

ವಿರತ್ಮೊ ಅವಳನ್ನೇ ನೋಡುತ್ತಿದ್ದ. ಗೊಂದಲದಿಂದ ಹುಬ್ಬು ಗಂಟಿಕ್ಕಿದ. "ಎಡಗಣ್ಣಲ್ಲಿ ಬಿರಡೆ ಇಲ್ಲ ಅಂದ್ರಿ..."

"ಇಲ್ಲ."

"ಮತ್ತೆ ಇದು?"

ಅವಳು ಎಡಗಲ್ಲ ಮುಟ್ಟಿ ನೋಡಿಕೊಂಡಳು. ಒದ್ದೆ! ಬೆರಳನ್ನೇ ಮಿಕಿಮಿಕಿ ನೋಡಿದಳು. ಇದು ಗಾಳಿಯದ್ದಲ್ಲ, ಹೊಗೆಯದ್ದಲ್ಲ, ಬಿರಡೆಯದ್ದಂತೂ ಅಲ್ಲವೇ ಅಲ್ಲ.

ಆ ಹುಡುಗ ಧೈರ್ಯ ತಂದುಕೊಂಡ. ಮನೆತನದ ನಯವನ್ನೆಲ್ಲ ಪಕ್ಕಕ್ಕಿಟ್ಟು ಕೇಳಿಯೇಬಿಟ್ಟ.

"ಮುರ್ತಿನಿ... ಯಾಕೆ ಅಳ್ತಿದೀರಿ?"

"ಗೊತ್ತಿಲ್ಲ!" ಅವಳು ಬಿಕ್ಕಿದಳು. "ನಿಮ್ಮ ಮೇಲೆ ಸಿಟ್ಟು. ಹನ್ನೊಂದು ದಿನ ಬಾಗಿಲು ನೋಡಿ ನೋಡಿ ಸಾಕಾಯ್ತು. ಈಗ ಖುಷಿ ಆಗ್ತಿದೆಯೋ ಏನೋ... ನನಗೆ ಏನೂ ತಿಳೀತಿಲ್ಲ!"

"ಅದೆಲ್ಲ ಆಮೇಲೆ ತಿಳಿಯುತ್ತೆ. ನಾನು ಇಷ್ಟಾನಾ? ಅಷ್ಟು ಹೇಳಿ."

"ಇಷ್ಟ."

ಮುದುಕಪ್ಪ ಕೆಮ್ಮಿದ. ಇಬ್ಬರಿಗೂ ಕೇಳಿಸಲಿಲ್ಲ.

"ಅತ್ತೇನ ಇನ್ನೊಂದು ಸಲ ಕಳಿಸಲಾ?" ಅಂದ ವಿರತ್ಮೊ ಮೆಲ್ಲಗೆ.

"ಬೇಡ. ನೀವೇ ಬನ್ನಿ. ಮಾವಿನ ಮಾತು, ಬಿಸಿಲಿನ ಮಾತು ಆಡಬೇಡಿ. ಎಲ್ಲರ ಎದುರು ಬಾಯಿ ಬಿಟ್ಟು ನನ್ನನ್ನೇ ಕೇಳಿ."

"ಕೇಳಿದ್ರೆ?"

"ಅಳ್ತೀನಿ," ಅಂದಳು ಮುರ್ತಿನಿ. "ಆದ್ರೂ ಹೂಂ ಅಂತೀನಿ."